ಮಾಮುವಿನ ಸಿಹಿ ಚಹಾ

ಕೊಟ್ಟಿಗೆಹಾರದ ನನ್ನ ಮಾಮು ಹಸಿದಾಗಲೆಲ್ಲ, ರಮಝಾನಿನ ಮಧ್ಯಾಹ್ನಗಳಲ್ಲಂತೂ, ಬೆವರಿ, ತೊದಲಿ, ನಮ್ಮನ್ನೇ ಗುರುತಿಸದೆ ಕೂರುತ್ತಿದ್ದರು. ಜಿನ್ನ್ ಹಿಡಿದಿದೆ ಎಂದರು ಕೆಲವರು. ಈಮಾನ್ ಸಡಿಲವಾಗಿದೆ ಎಂದು ಬೆನ್ನ ಹಿಂದೆ ಆಡಿಕೊಂಡರು ಇನ್ನು ಕೆಲವರು. ತಾಯಿತ ತರಲು ಹೋದವನು ನಾನೇ. ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿದರೆ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಿದ್ದರು. ಆ ಸುಳಿವು ಎರಡು ವರ್ಷ ನಮಗೆ ತಿಳಿಯಲಿಲ್ಲ.

ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಕರೆದೊಯ್ದಾಗ ಗೊತ್ತಾಯಿತು: ಮೇದೋಜೀರಕ ಗ್ರಂಥಿಯಲ್ಲಿ ಕಾಫಿಬೀಜದಷ್ಟು ಗಡ್ಡೆ, ಇನ್ಸುಲಿನೋಮಾ. ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆ ಇಳಿಸುವಂಥದ್ದು. ಮಾಮಿ ಅಳತೊಡಗಿದರು. ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್ ಬೇರೆ, ಇದು ಬೇರೆ ಎಂದರು ಸರ್ಜನ್. ಹತ್ತರಲ್ಲಿ ಸುಮಾರು ಒಂಬತ್ತು ಇನ್ಸುಲಿನೋಮಾಗಳು ಕ್ಯಾನ್ಸರೇ ಅಲ್ಲ. ತೆಗೆದರೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಇದೇ ನ್ಯೂರೋಎಂಡೋಕ್ರೈನ್ ಕುಲದ ಬೇರೆ ಗಡ್ಡೆಗಳು ಯಕೃತ್ತಿಗೂ ಹರಡಬಲ್ಲವು. ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದೂ ಈ ಕುಲದ್ದೇ. ಪಥ್ಯ, ಗಿಡಮೂಲಿಕೆ ಎಂದು ಒಂಬತ್ತು ತಿಂಗಳು ಕಳೆದು 2004ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅವರು 2011ರಲ್ಲಿ ತೀರಿಕೊಂಡರು. ನಮ್ಮ ತಾಯಿತಕ್ಕೆ ನಗುವವರಿಗೆ ಇದನ್ನೂ ಹೇಳುತ್ತೇನೆ.

ಮಾಮುವಿಗೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದರು. ಮುಂದಿನ ರಮಝಾನಿನಲ್ಲಿ ಎಲ್ಲ ಉಪವಾಸ ಹಿಡಿದರು. ಆಡಿಕೊಂಡಿದ್ದವರನ್ನೇ ಒಂದು ಸಂಜೆ ಇಫ್ತಾರಿಗೆ ಕರೆದು, "ನನ್ನ ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ" ಎಂದು ಮಾಮಿಗೆ ಎಲ್ಲರಿಗೂ ಕೇಳುವಂತೆ ಹೇಳಿದರು.