ಹೇಳಿದ್ದನ್ನೇ ಹೇಳುವ ಹಾಡು

ತೇಜೆ, ಫ್ರಾನ್ಸ್
ಗುರುವಾರ ರಾತ್ರಿ

ಪ್ರೀತಿಯ ಅಕ್ಕ,

ಬಂದು ಮುಟ್ಟಿದ ಸುದ್ದಿಯನ್ನು ಫೋನಿನಲ್ಲೇ ಹೇಳಿದ್ದೆ. ಉಳಿದದ್ದು ಫೋನಿಗೆ ಒಗ್ಗುವಂಥದ್ದಲ್ಲ, ಅದಕ್ಕೇ ಈ ಕಾಗದ. ಮಾಕೋನ್‌ನಲ್ಲಿ ರೈಲು ಇಳಿಯುವುದಕ್ಕೂ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಮುಂದಿನ ಬಸ್ಸಿಗೆ ಕಾಯುವಷ್ಟರಲ್ಲಿ ನೀನು ಕಟ್ಟಿಕೊಟ್ಟ ಚಕ್ಕುಲಿ ಅರ್ಧ ಖಾಲಿ. ದಾರಿಯಲ್ಲಿ ಕ್ಲೂನಿ ಸಿಕ್ಕಿತು. 910ರಲ್ಲಿ ಶುರುವಾದ ಮಠ ಅದು. ಅಲ್ಲಿನ ಸನ್ಯಾಸಿಗಳು ಒಂದು ಕಾಲಕ್ಕೆ ದಿನದ ಬಹುಪಾಲನ್ನು ಕೀರ್ತನೆ ಹಾಡುವುದರಲ್ಲೇ ಕಳೆಯುತ್ತಿದ್ದರು. ಫ್ರೆಂಚ್ ಕ್ರಾಂತಿಯ ನಂತರ ಅವರ ಭಾರೀ ದೇವಾಲಯವನ್ನು ಒಡೆದು ಕಲ್ಲು ಮಾರಿಬಿಟ್ಟರು. ಅಲ್ಲಿಂದ ಹತ್ತು ಕಿಲೋಮೀಟರ್ ದೂರದ ಗುಡ್ಡದ ಮೇಲೆ ಈ ಪುಟ್ಟ ಹಳ್ಳಿ.

ಇಲ್ಲಿನ ದೇವಾಲಯ ಹೊರಗಿನಿಂದ ನೋಡಿದರೆ ಕಾಂಕ್ರೀಟ್ ಗೋಡೌನ್ ಹಾಗಿದೆ. ಯುದ್ಧದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಜರ್ಮನಿಯ ಯುವಕರು ಬಂದು ಕೈಯಾರೆ ದುಡಿದು ಕಟ್ಟಿದ್ದು, 1962ರಲ್ಲಿ. ಹೆಸರೇ ಸಂಧಾನದ ದೇವಾಲಯ. 1971ರ ಈಸ್ಟರ್‌ಗೆ ಜನ ಹಿಡಿಸಲಾರದೆ ಹೋದಾಗ ಗೋಡೆಯನ್ನೇ ಕೆಡವಿ ಡೇರೆ ಜೋಡಿಸಿದರಂತೆ. ಜನ ಬಂದರೆಂದು ಗೋಡೆ ಒಡೆದ ಸಭೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಒಳಗೆ ಬೆಂಚುಗಳಿಲ್ಲ. ಎಲ್ಲರೂ ನೆಲದ ಮೇಲೆ ಕೂರಬೇಕು, ನಮಗೆ ಇದೇನು ಹೊಸದೇ? ಪಾಪ, ಜರ್ಮನರು ಕಾಲು ಮಡಿಸಲು ಪಡುವ ಪಾಡು ನೋಡಬೇಕು! ಮುಂದೆ ಕಿತ್ತಳೆ ಬಣ್ಣದ ಬಟ್ಟೆಗಳು ಮೇಲಿನಿಂದ ಇಳಿಬಿದ್ದಿವೆ. ಕೆಳಗೆ ಟೊಳ್ಳು ಇಟ್ಟಿಗೆಗಳೊಳಗೆ ಮೇಣದಬತ್ತಿ. ನಡುವೆ ಇಲ್ಲಿನ ಮಠದ ಬಿಳಿ ನಿಲುವಂಗಿಯ ಸಹೋದರರು, ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಟ್ಟಿಗೆ.

ಈಗ ಹಾಡಿನ ವಿಷಯ. ಒಂದು ಹಾಡು ಅಂದರೆ ಒಂದೋ ಎರಡೋ ಸಾಲು, ಅಷ್ಟೇ. ಗೋಡೆಯ ಮೇಲೆ ನಂಬರು ಹೊತ್ತಿಕೊಳ್ಳುತ್ತದೆ, ಪುಸ್ತಕ ತೆರೆಯುತ್ತೇವೆ, ಯಾರೋ ಒಬ್ಬರು ಶ್ರುತಿ ಹಿಡಿದು ಎತ್ತುತ್ತಾರೆ. ಎದುರು ನಿಂತು ಕೈಯಾಡಿಸುವವರಿಲ್ಲ. ಮೊದಲ ಸುತ್ತಿನಲ್ಲಿ ಲ್ಯಾಟಿನ್ ಅಕ್ಷರಗಳಿಗೆ ತಡವರಿಸಿದೆ. ಎರಡನೆಯದರಲ್ಲಿ ರಾಗ ಸಿಕ್ಕಿತು. ಮೂರನೆಯದಕ್ಕೆ ಪುಸ್ತಕ ಮುಚ್ಚಿದೆ. ಆರೋ ಏಳೋ ಸುತ್ತಾದ ಮೇಲೆ, ಸುಳ್ಳೇಕೆ ಹೇಳಲಿ, ಬೇಸರ ಬಂತು.

ಅಪ್ಪನ ಮಗಳಲ್ಲವೇ ನಾನೂ! ಪಕ್ಕದ ಕ್ಯಾಥೊಲಿಕರ ಮನೆಯಲ್ಲಿ ಸಂಜೆ ತೇರ್ಸದ ಜಪಮಾಲೆ ಶುರುವಾದೊಡನೆ ಅಪ್ಪ ಮತ್ತಾಯನ ಸುವಾರ್ತೆ ತೆಗೆದು, ಹೇಳಿದ್ದನ್ನೇ ಹೇಳುವುದು ಪ್ರಾರ್ಥನೆಯಲ್ಲ ಎಂದು ನಮಗೆ ಪಾಠ ಮಾಡುತ್ತಿದ್ದದ್ದು ನೆನಪಿದೆಯಾ? ಶನಿವಾರದ ಭಜನೆಗೂ ಅದೇ ತೀರ್ಪು. ಬಾಸೆಲ್ ಮಿಶನ್ನಿನವರು ಕಲಿಸಿದ ನಾಲ್ಕು ದನಿಯ ಹಾಡು, ಐದು ಚರಣ, ಒಂದೊಂದರಲ್ಲೂ ಒಂದೊಂದು ವಿಚಾರ. ಅದು ಮಾತ್ರ ಅವರಿಗೆ ಆರಾಧನೆ. ನಿನ್ನ ಸೊಪ್ರಾನೊ ಒಂದು ಸ್ವರ ಜಾರಿದರೆ ಮನೆಗೆ ಬರುವವರೆಗೂ ಮೌನ.

ಬೇಸರವನ್ನು ದಾಟಿದ್ದು ಎಷ್ಟನೆಯ ಸುತ್ತಿನಲ್ಲೋ ತಿಳಿಯದು. ಎಣಿಸುವುದನ್ನು ಬಿಟ್ಟಿದ್ದೆ. ಎಡಕ್ಕೆ ಕೂತ ಪೋಲೆಂಡಿನ ಹುಡುಗಿ ಆಲ್ಟೊ ಹಿಡಿದಿದ್ದಳು, ಹಿಂದಿನ ಮುದುಕರೊಬ್ಬರು ಬೇಸ್. ಮುಂದೆ ಯಾವುದೋ ಭಾಷೆಯಲ್ಲಿ ಒಂಟಿ ದನಿಯೊಂದು ಮೇಲೆದ್ದು ನಮ್ಮ ಹಾಡಿನ ಮೇಲೆ ತೇಲಿ ಇಳಿಯಿತು. ಮಾತಿನ ಅರ್ಥ ಹಾಗೇ ಇತ್ತು, ನಾನು ಅದರ ಹಿಂದೆ ಓಡುತ್ತಿರಲಿಲ್ಲ ಅಷ್ಟೇ.

ಈ ಸರಳತೆ ತಾನಾಗಿ ಬಂದದ್ದಲ್ಲ ಅಕ್ಕ, ಲೆಕ್ಕ ಹಾಕಿ ಕಟ್ಟಿದ್ದು. ಮೊದಲು ಈ ಸಹೋದರರೂ ಫ್ರೆಂಚಿನಲ್ಲಿ ಹಲವು ದನಿಯ ಕೀರ್ತನೆಗಳನ್ನು ಹಾಡುತ್ತಿದ್ದರು. ಸಾವಿರಗಟ್ಟಲೆ ಯುವಜನರು ಬರತೊಡಗಿದ ಮೇಲೆ ಬಂದವರೆಲ್ಲ ಸುಮ್ಮನೆ ಕೂತು ಕೇಳುವವರಾದರು. ಆಗ ರೊಬೇರ್ ಎಂಬ ಸಹೋದರರು ಚಿಕ್ಕ ಚಿಕ್ಕ ವಾಕ್ಯಗಳನ್ನು ಆರಿಸಿದರು. ಪ್ಯಾರಿಸ್ಸಿನ ಸಂತ ಇಗ್ನೇಷಿಯಸ್ ಇಗರ್ಜಿಯ ಆರ್ಗನ್ ವಾದಕ ಜಾಕ್ ಬೆರ್ತಿಯೆ, 70ರ ದಶಕದ ನಡುವಿನಿಂದ, ಅವಕ್ಕೆ ರಾಗ ಹಾಕಿದರು. ಕೆಲವು ಸುಮ್ಮನೆ ಸುತ್ತುತ್ತವೆ, ಕೆಲವನ್ನು ಒಂದು ಗುಂಪು ಮುಗಿಸುವ ಮೊದಲೇ ಇನ್ನೊಂದು ಎತ್ತಿಕೊಳ್ಳುತ್ತದೆ. ಲ್ಯಾಟಿನ್ ಯಾಕೆಂದರೆ ಅದು ಯಾರ ಮನೆಮಾತೂ ಅಲ್ಲ, ಎಲ್ಲರೂ ಸಮಾನವಾಗಿ ತಡವರಿಸಬಹುದು! ಈಗ ಬೇರೆ ಭಾಷೆಗಳೂ ಇವೆ. ಬೆರ್ತಿಯೆ 1994ರಲ್ಲಿ ತೀರಿಕೊಂಡರು. ತನ್ನ ಅಂತ್ಯಕ್ರಿಯೆಯಲ್ಲಿ ತನ್ನ ಹಾಡು ಬೇಡ ಎಂದು ಹೇಳಿಟ್ಟಿದ್ದರಂತೆ. ಅಪ್ಪನಿಗೂ ಆತನಿಗೂ ಚೆನ್ನಾಗಿ ಹೊಂದುತ್ತಿತ್ತೇನೋ.

ಹಾಡುಗಳ ನಡುವೆ ಮೌನ. ಎಂಟು ಹತ್ತು ನಿಮಿಷ. ನಮ್ಮಲ್ಲಿ ಮೌನ ಪ್ರಾರ್ಥನೆ ಎಂದರೆ ಅಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ತಾನೇ? ಇಲ್ಲಿ ಸಾವಿರಾರು ಜನ ಉಸಿರಾಡುವುದಷ್ಟೇ ಕೇಳುತ್ತದೆ. ಹೀಗೆ ದಿನಕ್ಕೆ ಮೂರು ಹೊತ್ತು. ರಾತ್ರಿಯದು ಮುಗಿದ ಮೇಲೂ ಎಷ್ಟೋ ಜನ ಏಳುವುದೇ ಇಲ್ಲ, ಹಾಡುತ್ತಲೇ ಇರುತ್ತಾರೆ. ಈಗಲೂ ಕೇಳುತ್ತಿದೆ.

ಊಟ ಬಡಿಸುವುದು, ಪಾತ್ರೆ ತೊಳೆಯುವುದು ಬಂದವರದೇ ಕೆಲಸ. ನನ್ನ ಪಾಲಿಗೆ ಪಾತ್ರೆ ಬಂದಿದೆ. ಊಟಕ್ಕೆ ಚಮಚ ಒಂದೇ, ಫೋರ್ಕೂ ಇಲ್ಲ, ಚಾಕುವೂ ಇಲ್ಲ. ಬೆಳಿಗ್ಗೆ ಬ್ರೆಡ್, ಬೆಣ್ಣೆ, ಚಾಕೊಲೇಟ್ ತುಂಡು, ಬಟ್ಟಲಿನಲ್ಲಿ ಚಹಾ. ಉಪ್ಪಿನಕಾಯಿಯ ನೆನಪು ಬರುತ್ತದೆ.

ಮಧ್ಯಾಹ್ನ ಹಳೆಯ ಹಳ್ಳಿ ಇಗರ್ಜಿಯ ಕಡೆ ಹೋಗಿದ್ದೆ. ಇದನ್ನೆಲ್ಲ ಶುರು ಮಾಡಿದ ಸಹೋದರ ರೋಜೆಯವರ ಸಮಾಧಿ ಅಲ್ಲಿದೆ: ಹೆಸರು ಬರೆದ ಮರದ ಶಿಲುಬೆ, ಸುತ್ತ ಹೂಗಿಡ. ಸ್ವಿಟ್ಜರ್ಲೆಂಡಿನ ಪಾದ್ರಿಯ ಮಗ. 1940ರಲ್ಲಿ, 25ರ ಪ್ರಾಯದಲ್ಲಿ, ಸೈಕಲ್ ತುಳಿದುಕೊಂಡು ಬಂದು ಇಲ್ಲಿ ಮನೆ ಹಿಡಿದು ಯುದ್ಧದಿಂದ ಓಡಿಬಂದವರನ್ನು, ಯಹೂದಿಗಳನ್ನೂ, ಅಡಗಿಸಿಟ್ಟವರು. 2005ರ ಆಗಸ್ಟ್ 16ರ ಸಂಜೆ ಪ್ರಾರ್ಥನೆಯ ನಡುವೆಯೇ ಮಹಿಳೆಯೊಬ್ಬಳು ಅವರನ್ನು ಇರಿದು ಕೊಂದಳು. ಆಗ ಅವರಿಗೆ 90. ಅದೇ ಜಾಗದಲ್ಲಿ ಇಂದೂ ಬಾಗಿಲು ತೆರೆದೇ ಇದೆ, ಯಾರ ಚೀಲವನ್ನೂ ತಡಕಿದ್ದು ನಾನು ನೋಡಲಿಲ್ಲ.

ನಾಳೆ ಶುಕ್ರವಾರ. ಶಿಲುಬೆಯನ್ನು ನೆಲದ ಮೇಲೆ ಮಲಗಿಸುತ್ತಾರಂತೆ. ಒಬ್ಬೊಬ್ಬರಾಗಿ ಹೋಗಿ ಹಣೆ ಇಡಬಹುದು. ನಾನು ಹೋಗುತ್ತೇನೋ ಇಲ್ಲವೋ, ನೋಡಬೇಕು.

ಅಕ್ಕ, ಗಂಟಲಿನ ಆಪರೇಷನ್ ಆದ ಮೇಲೆ ನೀನು ಕ್ವಾಯರ್ ಬಿಟ್ಟೆ. ಮೇಲಿನ ಸ್ವರ ಮುಟ್ಟುವುದಿಲ್ಲ ಎಂದೆ. ಈ ಹಾಡುಗಳಲ್ಲಿ ಅಷ್ಟು ಮೇಲೆ ಹೋಗಬೇಕಾದ್ದೇ ಅಪರೂಪ. ದನಿ ಒಡೆದರೂ ಪಕ್ಕದವಳ ದನಿ ಅದನ್ನು ಎತ್ತಿಕೊಂಡು ಹೋಗುತ್ತದೆ, ನನಗೆ ಮೂರು ಸಲ ಹಾಗಾಯಿತು. ಕೆಳಗಿನ ಕೋಣೆಯ ಹಾರ್ಮೋನಿಯಂ ಒರೆಸಿಡು. ಪಕ್ಕದ ಮನೆಯವರನ್ನೂ ಕರೆಯೋಣ. ಹಾಡಿನ ಪುಸ್ತಕ ಎರಡು ಕೊಂಡಿದ್ದೇನೆ, ಒಂದರಲ್ಲಿ ನಿನ್ನ ಹೆಸರು ಬರೆದಾಗಿದೆ.

ಭಾವನಿಗೆ ವಂದನೆ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ