ಹಳೆಯ ಜೀಪು

ಹೊಸ ವಸ್ತುವಿನ ಹೊಳಪಿಗೆ ಮನಸ್ಸು ಸೋಲುವುದು ಸಹಜ. ಆದರೆ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮಲೆನಾಡಿನ ಒಳಭಾಗದಲ್ಲಿ ಒಂಟಿಮನೆ ಕಟ್ಟಿಕೊಂಡು ಬಾಳುವ ಸಣ್ಣ ಕೃಷಿಕನಿಗೆ ವಾಹನವೆಂಬುದು ವೈಭವದ ಸಾಧನವಲ್ಲ. ಆಷಾಢದ ಮಳೆಗೆ ಮಣ್ಣಿನ ದಾರಿ ಕೆಸರಿನ ಹೊಂಡವಾದಾಗ ಗೊಬ್ಬರದ ಮೂಟೆ ತೋಟ ಸೇರಬೇಕು. ಜ್ವರದಿಂದ ನರಳುವ ಮಗು ಆಸ್ಪತ್ರೆ ಮುಟ್ಟಬೇಕು. ಅಂಥ ದಾರಿಯಲ್ಲಿ ಪೇಟೆಯ ಕಾರು ನಾಲ್ಕು ಮಾರು ಹೋಗುವಷ್ಟರಲ್ಲಿ ಹೂತು ನಿಲ್ಲುತ್ತದೆ. ಆಗ ಕೃಷಿಕನ ನೆನಪಿಗೆ ಬರುವುದು ಜೀಪು. ಅವನ ಕೈಗೆಟಕುವುದು ಹಳೆಯ ಜೀಪು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅಮೆರಿಕದ ಸೈನ್ಯವು ಹಗುರವೂ ಗಟ್ಟಿಮುಟ್ಟೂ ಆದ ವಾಹನವೊಂದನ್ನು ಬಯಸಿತು. ಯುದ್ಧ ಮುಗಿಯುವ ವೇಳೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದ್ದವು. ಭಾರತದಲ್ಲಿ ಯುದ್ಧಾನಂತರ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ರಣರಂಗದ ಈ ವಾಹನ ಕ್ರಮೇಣ ಕಾಫಿ ತೋಟಗಳ ದಾರಿ ಹಿಡಿಯಿತು. ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಏರುವುದೂ ಜೀಪೇ.

ಈ ಸಾಮರ್ಥ್ಯದ ಗುಟ್ಟು ಅದರ ರಚನೆಯಲ್ಲಿದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹರಿಯುತ್ತದೆ. ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆಯಿದ್ದು, ಅದು ಬೇಕಾದಾಗ ಮುಂದಿನ ಚಕ್ರಗಳಿಗೂ ಬಲವನ್ನು ಹಂಚುತ್ತದೆ. ಅದರಲ್ಲಿಯೇ ಇರುವ ಕೆಳಗೇರಿನಿಂದ ವೇಗ ತಗ್ಗಿ ಎಳೆಯುವ ಶಕ್ತಿ ಹೆಚ್ಚುತ್ತದೆ. ಹಿಂದಿನ ಚಕ್ರಗಳು ಕೆಸರಿನಲ್ಲಿ ವ್ಯರ್ಥವಾಗಿ ತಿರುಗುವಾಗ ಮುಂದಿನ ಚಕ್ರಗಳು ಗಟ್ಟಿ ನೆಲವನ್ನು ಕಚ್ಚಿ ಗಾಡಿಯನ್ನು ಎಳೆದೊಯ್ಯುತ್ತವೆ. ಆದರೆ ಒಣಗಿದ ಟಾರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಜೋಡಣೆಯನ್ನು ಬಿಡಿಸಬೇಕು. ಇಲ್ಲವಾದರೆ ತಿರುವುಗಳಲ್ಲಿ ಹಲ್ಲುಚಕ್ರಗಳ ಮೇಲೆ ಬಿಗಿತ ಬಿದ್ದು ಅವು ಸವೆಯುತ್ತವೆ.

ಅಡಕೆಯ ಹಣವನ್ನು ಕೂಡಿಟ್ಟು ಜೀಪು ಕೊಳ್ಳಲು ಹೊರಟ ಒಬ್ಬ ಕೃಷಿಕನನ್ನು ಕಲ್ಪಿಸಿಕೊಳ್ಳಬಹುದು. ಅವನ ಮುಂದೆ ಎರಡು ಜೀಪುಗಳಿವೆ. ಒಂದು ಹೊಸ ಬಣ್ಣದಿಂದ ಥಳಥಳಿಸುತ್ತಿದೆ. ಇನ್ನೊಂದು ಮಾಸಿ ಮಂಕಾಗಿದೆ. ಅವನ ಕಣ್ಣು ಮೊದಲನೆಯದರ ಮೇಲೆ. ಜೊತೆಗೆ ಬಂದ ಮುದಿ ಮೇಸ್ತ್ರಿಯಾದರೋ ಬಣ್ಣವನ್ನು ಕಣ್ಣೆತ್ತಿಯೂ ನೋಡದೆ, ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರುತ್ತಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವನು ಬಲ್ಲ. ಮಳೆನಾಡಿನಲ್ಲಿ ಜೀಪಿನ ಪರಮ ಶತ್ರು ತುಕ್ಕು. ಇಡೀ ಗಾಡಿಯ ಬೆನ್ನೆಲುಬಾದ ಉಕ್ಕಿನ ಚೌಕಟ್ಟನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತಾನೆ. ಗಟ್ಟಿ ಉಕ್ಕು ಖಣಿಲೆನ್ನುತ್ತದೆ. ತುಕ್ಕು ತಿಂದ ಉಕ್ಕು ಮಂದವಾಗಿ ಸದ್ದು ಮಾಡುತ್ತದೆ. ಹೊರಮೈಗೆ ಅಯಸ್ಕಾಂತ ಹಿಡಿದರೆ, ಬಣ್ಣದಡಿಯಲ್ಲಿ ದಪ್ಪನಾಗಿ ಮೆತ್ತಿದ ಲಪ್ಪದ ಮೇಲೆ ಅದು ಅಂಟುವುದಿಲ್ಲ.

ಅನಂತರ ಎಂಜಿನ್ನಿನ ಸರದಿ. ನಾಡಿ ನೋಡುವ ವೈದ್ಯನಂತೆ ಮೇಸ್ತ್ರಿ ಹೊಗೆಯನ್ನು ನೋಡುತ್ತಾನೆ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಎಂಜಿನ್ನು ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಅಳತೆಕಡ್ಡಿಗೆ ಅಂಟಿದ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೂ ಸಂದೇಹ ಅದೇ. ಕೊನೆಗೆ ಕಾಗದಪತ್ರಗಳು. ಚೌಕಟ್ಟಿನ ಮೇಲಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿಯ ದಾಖಲೆಗೆ ಹೊಂದಬೇಕು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಆಮೇಲೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. ಈ ಎಲ್ಲ ಪರೀಕ್ಷೆಗಳಲ್ಲಿ ಗೆದ್ದದ್ದು ಮಾಸಿದ ಜೀಪು.

ಕೊಂಡ ಮೇಲೆ ದುರಸ್ತಿ. ಕೈಯಲ್ಲಿ ಉಳಿದ ಹಣ ಅಲ್ಪ. ಕೃಷಿಕ ಹೇಳುತ್ತಾನೆ: “ಮೇಸ್ತ್ರಿಗಳೇ, ಮೊದಲು ಬಣ್ಣ ಬಳಿದು ಹೊಸ ಹುಡ್ಡು ಹಾಕಿಸೋಣ. ನೆಂಟರಿಷ್ಟರು ನೋಡಿ ನಗಬಾರದು.”

ಮೇಸ್ತ್ರಿ ತಲೆಯಾಡಿಸುತ್ತಾನೆ: “ಗೌಡರೇ, ಓಡದ ಗಾಡಿ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ನಿಲ್ಲದ ಗಾಡಿ ಎಲ್ಲಿ ಹೋಗಿ ನಿಲ್ಲುತ್ತದೆಂದು ಬಲ್ಲವರಾರು? ಮೊದಲು ಬ್ರೇಕು.”

ಈ ಮಾತಿನಲ್ಲಿ ಹಾಸ್ಯವಿದೆ, ಅದಕ್ಕಿಂತ ಮಿಗಿಲಾಗಿ ಸತ್ಯವಿದೆ. ಹಳೆಯ ಜೀಪುಗಳಲ್ಲಿ ಬ್ರೇಕಿನ ದ್ರವಕ್ಕೆ ಒಂದೇ ಮಾರ್ಗ. ಎಲ್ಲೋ ಒಂದು ನಳಿಕೆ ಒಡೆದರೂ ನಾಲ್ಕು ಚಕ್ರಗಳ ಹಿಡಿತವೂ ತಪ್ಪಬಹುದು. ಹಳ್ಳ ದಾಟಿದಾಗ ಬ್ರೇಕಿನ ಡ್ರಮ್ಮಿನೊಳಗೆ ನೀರು ಸೇರಿದರೂ ಹಿಡಿತ ಸಡಿಲುತ್ತದೆ; ನಿಧಾನವಾಗಿ ಸಾಗುತ್ತ ಬ್ರೇಕನ್ನು ಮೆಲ್ಲನೆ ಒತ್ತಿ ಒಣಗಿಸಬೇಕಾಗುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಂದಕವಿರುವ ಘಟ್ಟದ ಇಳಿಜಾರಿನಲ್ಲಿ ಬಣ್ಣ ಯಾರನ್ನೂ ಕಾಯುವುದಿಲ್ಲ. ಆದುದರಿಂದ ಮೊದಲು ಬ್ರೇಕು, ಬಳಿಕ ಸ್ಟಿಯರಿಂಗು ಮತ್ತು ಟೈರು, ಆಮೇಲೆ ಎಂಜಿನ್ನು, ಕಟ್ಟಕಡೆಗೆ ಬಣ್ಣ: ಇದು ವಿವೇಕದ ಕ್ರಮ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರಿನ ಜೊತೆಗೆ ಗ್ರೀಸೂ ಸೇರುತ್ತದೆ. ಮೇಸ್ತ್ರಿಯ ಪಕ್ಕದಲ್ಲಿ ಕುಳಿತು ಸ್ಪಾನರು ಹಿಡಿದ ಕೃಷಿಕ ತನ್ನ ಗಾಡಿಯ ಒಂದೊಂದು ಅಂಗವನ್ನೂ ಅರಿಯುತ್ತಾನೆ. ಮುಂದೊಂದು ದಿನ ನಡುದಾರಿಯಲ್ಲಿ ಗಾಡಿ ನಿಂತರೆ ಅವನು ದಿಕ್ಕುಗೆಡುವುದಿಲ್ಲ. ಹಣ ತೆತ್ತವನು ವಸ್ತುವಿನ ಒಡೆಯನಾಗುತ್ತಾನೆ. ಅದನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸಿದವನು ಅದರ ಗೆಳೆಯನೂ ಆಗುತ್ತಾನೆ. ಹಾಳಾದುದನ್ನು ಬಿಸಾಡುವುದು ಸುಲಭ. ಸರಿಪಡಿಸುವುದಕ್ಕೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು. ಅವೆರಡೂ ಇದ್ದವನ ಕೈಯಲ್ಲಿ ಹಳೆಯದೂ ಬಾಳುತ್ತದೆ, ಅದನ್ನು ನಂಬಿದವರೂ ಬಾಳುತ್ತಾರೆ.