ತುರುವಿನ ಕೊಂಬು

ಶಾಸನವನ್ನು ಓದುವವನಿಗೆ ಅಕ್ಷರಜ್ಞಾನವೊಂದೇ ಸಾಲದು. ಬೆಳಕಿನ ಪರಿಜ್ಞಾನವೂ ಬೇಕು. ಐವತ್ತು ದಾಟಿದ ಮೇಲೆ, ನನ್ನದೇ ಪ್ರಮಾದದಿಂದ ನಾನು ಈ ಪಾಠವನ್ನು ಕಲಿತೆನೆಂಬುದನ್ನು ಸಂಕೋಚದಿಂದಲೇ ಇಲ್ಲಿ ನಿವೇದಿಸುತ್ತೇನೆ.

ನಮ್ಮೂರ ಕೆರೆಯ ಏರಿಯ ಮೇಲೆ ಸವೆದ ವೀರಗಲ್ಲೊಂದಿದೆ. ಶಿಲ್ಪವೆಲ್ಲ ಒಡೆದುಹೋಗಿ, ಮೂರು ಸಾಲು ಬರಹ ಮಾತ್ರ ಉಳಿದಿದೆ. ಅದರಲ್ಲಿ ನನ್ನ ಗುರುಗಳು ‘ತುರು’ ಎಂದು ಓದಿ, ದನಗಳನ್ನು ಮರಳಿಸಲು ಕಾದಿ ಮಡಿದವನ ಕಲ್ಲಿದೆಂದು ನಿರ್ಣಯಿಸಿದ್ದರು. ನಾನಾದರೋ ಕ್ಯಾಮರಾದೊಳಗೇ ಅಡಕವಾಗಿರುವ ಫ್ಲಾಷಿನಿಂದ ಚಿತ್ರ ತೆಗೆದು, ತಕಾರಕ್ಕೆ ಕೊಂಬು ಕಾಣದುದರಿಂದ ಪಾಠವು ‘ತರು’ ಎಂದೇ ಇರಬೇಕೆಂದೂ, ಇದು ವೀರನ ಮನೆಯವರಿಗೆ ಬಿಟ್ಟ ತೋಪಿನ ಮಾತೆಂದೂ ಬರೆದು ಅಚ್ಚು ಮಾಡಿಸಿದೆನು. ಗುರುಗಳು ಅದನ್ನು ಓದಿ, “ಕಲ್ಲನ್ನು ರಾತ್ರಿ ಹೊತ್ತು ನೋಡಿದೆಯಾ?” ಎಂದಷ್ಟೇ ಕೇಳಿದರು. ವೃದ್ಧಾಪ್ಯದ ಮಾತೆಂದು ಬಗೆದು ಸುಮ್ಮನಾದೆನು. ಮರುವರ್ಷ ಅವರು ಕಾಲವಾದರು.

ಕಳೆದ ಬೇಸಗೆಯಲ್ಲಿ, ಛಾಯಾಗ್ರಾಹಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದಿದ್ದನು. ನನ್ನ ಚಿತ್ರವನ್ನು ನೋಡಿ, “ಗುರುಗಳೇ, ಎದುರಿನಿಂದ ಬಿದ್ದ ಬೆಳಕು ಅಕ್ಷರದ ಗುಳಿಯನ್ನೂ ತುಂಬಿಬಿಡುತ್ತದೆ. ನೆರಳಿಲ್ಲದೆ ಗೀರು ಕಾಣುವುದೆಂತು?” ಎಂದನು.

ಅಂದು ಕತ್ತಲಾದ ಮೇಲೆ, ಇನ್ನೊಂದು ಫ್ಲಾಷನ್ನು ಕಲ್ಲಿನ ಎಡಬದಿಗೆ, ಬೆಳಕು ಮೈಯನ್ನು ಸವರಿಕೊಂಡು ಹೋಗುವಂತೆ ಇರಿಸಿದನು. ಅದಕ್ಕೆ ತಂತಿಯಿಲ್ಲ, ಕ್ಯಾಮರಾದ ಫ್ಲಾಷು ಮಿಂಚಿದೊಡನೆ ಕಂಡು ತಾನೂ ಮಿಂಚುವ ಪುಟ್ಟ ಕಣ್ಣುಂಟು. ಆದರೆ ಮೊದಲ ಚಿತ್ರದಲ್ಲಿ ಅದರ ಬೆಳಕೇ ಮೂಡಲಿಲ್ಲ. ಕ್ಯಾಮರಾ ಬೆಳಕನ್ನು ಅಳೆಯಲೆಂದು ಮುಂಚಿತವಾಗಿ ಹೊಡೆದ ಕಿರುಮಿಂಚಿಗೇ ಅದು ಓಗೊಟ್ಟು, ಚಿತ್ರ ತೆಗೆಯುವ ಮುನ್ನವೇ ಬೆಳಗಿ ಮುಗಿಸಿತ್ತು. ಕ್ಯಾಮರಾದ ಫ್ಲಾಷನ್ನು ಸ್ವಯಂಚಾಲನೆಯಿಂದ ಬಿಡಿಸಿ, ಪೂರ್ಣಶಕ್ತಿಯ 1/16 ಭಾಗಕ್ಕೆ ಇಳಿಸಿದ ಮೇಲೆ ಎರಡೂ ಕೂಡಿ ಬೆಳಗಿದವು. ಆಗ ಕಲ್ಲಿನ ಎಡ ಅಂಚು ಬೆಳ್ಳಗೆ ಸುಟ್ಟಂತಾಯಿತು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುವುದೆಂದು ಲೆಕ್ಕ ಹೇಳಿ, ಪಕ್ಕದ ಫ್ಲಾಷನ್ನು ಹಿಂದಕ್ಕೆ ಸರಿಸಿ, ಅದರ ಶಕ್ತಿಯನ್ನು ಹೆಚ್ಚಿಸಿದನು.

“ಎದುರಿನದನ್ನು ಮರೆಮಾಡಬಾರದೇ?” ಎಂದೆನು. ಹಾಗೂ ಮಾಡಿ ತೋರಿಸಿದನು. ಗುಳಿಗಳೆಲ್ಲ ಮಸಿಯಂತಾಗಿ, ಉಳಿಯ ಗೆರೆ ಯಾವುದು, ಬಿರುಕು ಯಾವುದು ತಿಳಿಯದಾಯಿತು. ಪಕ್ಕದ ಬೆಳಕು ಗೆರೆಯನ್ನು ಎತ್ತಿ ತೋರಿದರೆ, ಎದುರಿನ ಮಂದ ಬೆಳಕು ಆ ನೆರಳಿನ ಒಳಗನ್ನು ತೋರಿಸುತ್ತಿತ್ತು.

ಎರಡೂ ಕೂಡಿದ ಕೊನೆಯ ಚಿತ್ರದಲ್ಲಿ ತಕಾರದ ಬಲಕ್ಕೆ ಕೊಂಬು ನಿಚ್ಚಳವಾಗಿತ್ತು. ಅದರ ತಳದಲ್ಲಿ ಉಳಿಯ ಗುರುತೂ ಇತ್ತು, ಬಿರುಕೆನ್ನಲು ಎಡೆಯಿರಲಿಲ್ಲ. ನಾನು ಕೊಂಬು ಕಿತ್ತು ಮರವಾಗಿಸಿದ್ದ ತುರು ಕಲ್ಲಿನಲ್ಲಿ ಹಾಗೆಯೇ ನಿಂತಿತ್ತು.

ಗುರುಗಳ ಪ್ರಶ್ನೆಯ ಅರ್ಥ ಆಗ ಹೊಳೆಯಿತು. ರಾತ್ರಿಯಲ್ಲಿ ದೀಪವನ್ನು ಕಲ್ಲಿನ ಪಕ್ಕಕ್ಕೆ ಹಿಡಿದೇ ಅವರು ಓದಿದ್ದಿರಬೇಕು. ನಾನು ಕೇಳಲೂ ಇಲ್ಲ, ಹೋಗಿ ನೋಡಲೂ ಇಲ್ಲ.

ಪಾಠ ‘ತುರು’ ಎಂದೇ ಸರಿ. ನಾನು ಬರೆದುದು ತಪ್ಪು. ಗುರುಗಳೆದುರು ಆಡಬೇಕಾಗಿದ್ದ ಈ ಮಾತನ್ನು, ಅವರಿಲ್ಲದುದರಿಂದ, ಓದುಗರ ಮುಂದೆ ಆಡಿದ್ದೇನೆ.